ಕಿಟಕಿಯಾಚೆಯ ಮರ ದೇವದಾರುವೇ?

ಕಳೆದ ವರ್ಷದ ಬೋಧನಾಭ್ಯಾಸದ ಎರಡನೆಯ ವಾರ. ಒಂಬತ್ತನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಅನಾವೃತ ಬೀಜ ಸಸ್ಯಗಳ ಪಾಠ ಮಾಡುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ಪೀಠಿಕೆ ಚೆನ್ನಾಗಿತ್ತು, ಚಾರ್ಟು ಅಚ್ಚುಕಟ್ಟಾಗಿತ್ತು. ಉದಾಹರಣೆಗಳ ಹಂತಕ್ಕೆ ಬಂದಾಗ ಅವರು ಕಿಟಕಿಯತ್ತ ಕೈ ತೋರಿಸಿ, "ಕಾಂಪೌಂಡಿನ ಪಕ್ಕ ಸೂಜಿಯಂಥ ಎಲೆಯ ಎತ್ತರದ ಮರ ಇದೆಯಲ್ಲ, ಅದೇ ದೇವದಾರು" ಎಂದರು. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಅದು ಗಾಳಿ ಮರ. ನಮ್ಮ ತೋಟದ ಬೇಲಿಗೆ ಹಾಕಿದೀವಿ." "ಊರ ಕಡೆ ಹಾಗಂತಾರೆ, ಪುಸ್ತಕದಲ್ಲಿ ದೇವದಾರು ಅಂತಾರೆ. ಕೂತ್ಕೊ." ಹುಡುಗ ಕೂತ. ನಾನು ಅವಲೋಕನ ಪುಸ್ತಕದಲ್ಲಿ "ಸ್ಥಳೀಯ ಉದಾಹರಣೆಯ ಬಳಕೆ ಉತ್ತಮ" ಎಂದು ಬರೆದೆ.

ಗಂಟೆ ಹೊಡೆದ ಮೇಲೆ ಆ ಹುಡುಗ ನನ್ನನ್ನು ಮರದ ಬುಡಕ್ಕೆ ಕರೆದೊಯ್ದ. ಬಾಗಿದ ರೆಂಬೆಯಿಂದ ಒಂದು "ಎಲೆ" ಕಿತ್ತು, ನಡುವೆ ಎಳೆದು ಎರಡು ತುಂಡು ಮಾಡಿ, ಮತ್ತೆ ಅದೇ ಜಾಗದಲ್ಲಿ ಸಿಕ್ಕಿಸಿ, "ಎಲ್ಲಿ ಮುರಿದಿದ್ದೆ ಹೇಳಿ ಸರ್" ಎಂದ. ನನಗೆ ಗೊತ್ತಾಗಲಿಲ್ಲ. ಅವನ ಆಟದಲ್ಲೇ ಉತ್ತರವಿತ್ತು. ಗಾಳಿ ಮರದ, ಅಂದರೆ ಸರ್ವೆಯ, ಸೂಜಿ ಎಲೆಯೇ ಅಲ್ಲ. ಗಿಣ್ಣು ಗಿಣ್ಣಾಗಿರುವ ಹಸಿರು ಕಿರುರೆಂಬೆ. ಗಿಣ್ಣಿನಲ್ಲಿ ಎಳೆದರೆ ಕಳಚುತ್ತದೆ, ಸಿಕ್ಕಿಸಿದರೆ ಕೂರುತ್ತದೆ. ನಿಜವಾದ ಎಲೆಗಳು ಪ್ರತಿ ಗಿಣ್ಣಿನ ಸುತ್ತ ಆರರಿಂದ ಎಂಟು ಪುಟ್ಟ ಹಲ್ಲುಗಳಂತೆ ಕುಳಿತಿರುತ್ತವೆ, ಭೂತಗನ್ನಡಿ ಇಟ್ಟರೆ ಕಾಣುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸರ್ವೆ ಹೂ ಬಿಡುವ ಮರ, ಆವೃತ ಬೀಜ ಸಸ್ಯ. ಅನಾವೃತ ಬೀಜದ ಪಾಠಕ್ಕೆ ನಾವು ಉದಾಹರಣೆ ಕೊಟ್ಟಿದ್ದು ಅದರ ಎದುರು ಗುಂಪಿನಿಂದ! ಪ್ರಶಿಕ್ಷಣಾರ್ಥಿಯ ತಪ್ಪು ಒಂದು ಪಾಲಾದರೆ, ನೋಡದೆ ಮೆಚ್ಚುಗೆ ಬರೆದ ನನ್ನದು ಎರಡು ಪಾಲು.

ದೇವದಾರು ನಮ್ಮ ಪಾಠಗಳಲ್ಲಿ ಪೈನ್, ಸೈಕಸ್‌ಗಳ ಜೊತೆ ಬರುವ ಹೆಸರು. ಆದರೆ ಅದನ್ನು ಕಂಡಿರುವ ಪ್ರಶಿಕ್ಷಣಾರ್ಥಿಗಳು ಕಡಿಮೆ. ಕಾಣದ ಮರವನ್ನು ಅಂಗಳದ ಯಾವುದೋ ಮರದ ಮೇಲೆ ಆರೋಪಿಸುವುದು ಹೀಗೇ ಶುರುವಾಗುತ್ತದೆ. ಆದ್ದರಿಂದ ಈ ಮರವನ್ನು ಹೇಗೆ ಗುರುತಿಸುವುದು, ಹೇಗೆ ಬೆಳೆಸುತ್ತಾರೆ, ನಮ್ಮ ಶಾಲೆಯ ಅಂಗಳದಲ್ಲಿ ಅದರ ವೇಷದಲ್ಲಿ ನಿಂತಿರುವ ಮರಗಳು ಯಾವುವು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಹೆಸರಿನ ಸಿಕ್ಕು

ದಾರು ಎಂದರೆ ಮರ, ಕಟ್ಟಿಗೆ. ದಾರುಶಿಲ್ಪ ಎಂಬ ಮಾತಿನಲ್ಲಿರುವುದು ಇದೇ ಪದ. ದೇವದಾರು ಎಂದರೆ ದೇವರ ಮರ. ಇದು ಗುರುತಿನ ಹೆಸರಿಗಿಂತ ಹೆಚ್ಚಾಗಿ ಹೊಗಳಿಕೆಯ ಹೆಸರು. ಹಾಗಾಗಿ ಒಂದೊಂದು ಸೀಮೆಯವರು ತಮ್ಮಲ್ಲಿ ಬೆಲೆಬಾಳುವ, ಪರಿಮಳದ ಮರಕ್ಕೆ ಈ ಹೆಸರು ಕೊಟ್ಟಿದ್ದಾರೆ. ಕೊಡಗು ಮತ್ತು ಮಲೆನಾಡಿನ ಕಾಡುಗಳಲ್ಲಿ ಬಿಳಿ ದೇವದಾರಿ ಎಂಬ ದೊಡ್ಡ ಮರವಿದೆ. ಅದು ಬೇವಿನ ಕುಟುಂಬಕ್ಕೆ ಸೇರಿದ್ದು, ಅಗಲ ಎಲೆಯದು, ಹೂವು ಕಾಯಿ ಬಿಡುವಂಥದು. ಒಣ ಕುರುಚಲು ಕಾಡಿನ ಒಂದು ಸಣ್ಣ ಮರವನ್ನೂ ಅದರ ಪರಿಮಳದ ತಿರುಳಿಗಾಗಿ ದೇವದಾರು ಎನ್ನುವುದುಂಟು. ಬಂಗಾಳಕ್ಕೆ ಹೋದರೆ, ನಮ್ಮ ರಸ್ತೆ ಬದಿಯಲ್ಲಿ ಅಶೋಕ ಎಂದು ನೆಡುವ ಕಂಬದಂಥ ಮರವೇ ದೇವದಾರು. ಇವು ಮೂರೂ ಹೂ ಬಿಡುವ ಮರಗಳು.

ಇಂಗ್ಲಿಷಿನ ಸೀಡರ್ ಎಂಬ ಹೆಸರಿಗೂ ಇದೇ ಗತಿ. ಪೆನ್ಸಿಲ್ ಸೀಡರ್ ಎಂಬುದು ಅಮೆರಿಕದ ಜೂನಿಪರ್. ನಮ್ಮ ಘಟ್ಟಗಳ ಗಂಧಗರಿಗೆಯನ್ನು ಮರದ ವ್ಯಾಪಾರಿಗಳು ಕೆಂಪು ಸೀಡರ್ ಎನ್ನುತ್ತಾರೆ, ಅದೂ ಬೇವಿನ ಬಳಗ. ಸಸ್ಯಶಾಸ್ತ್ರದಲ್ಲಿ ನಿಜವಾದ ಸೀಡರ್ ಎಂದರೆ ಸೀಡ್ರಸ್ ಎಂಬ ಒಂದು ಸಣ್ಣ ಜಾತಿ ಮಾತ್ರ. ಮೊರಾಕೊ, ಅಲ್ಜೀರಿಯಗಳ ಅಟ್ಲಾಸ್ ಬೆಟ್ಟಗಳಲ್ಲಿ ಒಂದು, ಲೆಬನಾನ್ ದೇಶದ ಧ್ವಜದ ಮೇಲಿರುವುದು ಇನ್ನೊಂದು, ಸೈಪ್ರಸ್ ದ್ವೀಪದಲ್ಲೊಂದು, ನಮ್ಮ ಹಿಮಾಲಯದಲ್ಲೊಂದು. ಈ ಕೊನೆಯದಕ್ಕೆ ಸೀಡ್ರಸ್ ಡಿಯೊಡಾರ ಎಂದು ಹೆಸರು. ದೇವದಾರು ಎಂಬ ನಮ್ಮ ಪದವೇ ಲ್ಯಾಟಿನ್ ಹೆಸರಿನೊಳಗೆ ಹೋಗಿ ಕುಳಿತಿದೆ. ದ್ವಿನಾಮ ಪದ್ಧತಿಯ ಅಗತ್ಯವನ್ನು ಮಕ್ಕಳಿಗೆ ಮನವರಿಕೆ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಾವಿನ ಮರದ ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡಿಸುವಾಗ, ಅದೇಕೆ ಬೇಕು ಎಂಬ ಪ್ರಶ್ನೆ ಮಕ್ಕಳಿಗೆ ಬರುವುದಿಲ್ಲ. ನಾಲ್ಕು ಬೇರೆ ಬೇರೆ ಮರಗಳಿಗೆ ಒಂದೇ ಹೆಸರಿದೆ ಎಂದಾಗ ಬರುತ್ತದೆ.

ದೇವದಾರು ಇರುವ ಜಾಗ, ಅದರ ಚಹರೆ

ಪೂರ್ವ ಅಫ್ಘಾನಿಸ್ತಾನದಿಂದ ಹಿಡಿದು ಉತ್ತರ ಪಾಕಿಸ್ತಾನ, ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳನ್ನು ಹಾದು ಪಶ್ಚಿಮ ನೇಪಾಳದವರೆಗೆ ದೇವದಾರು ಸಹಜವಾಗಿ ಬೆಳೆಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 1500 ರಿಂದ 3200 ಮೀಟರ್ ಎತ್ತರ ಅದಕ್ಕೆ ಒಗ್ಗುತ್ತದೆ. ಹಿಮಾಚಲ ಪ್ರದೇಶದ ರಾಜ್ಯ ವೃಕ್ಷ ಇದು. ಪಾಕಿಸ್ತಾನದ ರಾಷ್ಟ್ರೀಯ ವೃಕ್ಷವೂ ಇದೇ. ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಹಿಡಿಂಬಾ ದೇವಾಲಯ ನಿಂತಿರುವುದು ದೇವದಾರು ತೋಪಿನ ನಡುವೆ. ಶ್ರೀನಗರದ ಜಾಮಿಯಾ ಮಸೀದಿಯ ಎತ್ತರದ ಕಂಬಗಳು ದೇವದಾರುವಿನವು. ಅದರ ಕಟ್ಟಿಗೆಯಲ್ಲಿರುವ ಎಣ್ಣೆಯಿಂದಾಗಿ ಹುಳು ಬೇಗ ಹಿಡಿಯುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಕಾಶ್ಮೀರದ ದೋಣಿಮನೆಗಳನ್ನು ಅದರಿಂದ ಕಟ್ಟುವುದಕ್ಕೆ ಕಾರಣ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಹಳಿಗಳ ಕೆಳಗಿನ ದಿಮ್ಮಿಗಳಿಗಾಗಿ ಈ ಕಾಡುಗಳನ್ನು ಎಗ್ಗಿಲ್ಲದೆ ಕಡಿದರು, ಅದೂ ಈ ಗುಣಕ್ಕಾಗಿಯೇ.

ದೊಡ್ಡ ಮರ 40 ರಿಂದ 50 ಮೀಟರ್ ಎತ್ತರ ಹೋಗುತ್ತದೆ. ಆಯುಸ್ಸಂತೂ ಶತಮಾನಗಳಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ 704 ವರ್ಷ ಬಾಳಿದ ದೇವದಾರುವಿನ ಅಡ್ಡಕೊಯ್ತವಿದೆ. ವಾರ್ಷಿಕ ಉಂಗುರಗಳ ಪಾಠ ಮಾಡುವವರು ಅದರ ಚಿತ್ರವನ್ನಾದರೂ ಸಂಗ್ರಹಿಸಿಟ್ಟುಕೊಳ್ಳಬೇಕು.

ದೂರದಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ತುದಿ. ಎಳೆಯ ದೇವದಾರುವಿನ ಶಿಖರ ನೆಟ್ಟಗಿರುವುದಿಲ್ಲ, ಬಾಡಿದಂತೆ ಒಂದು ಕಡೆಗೆ ಬಾಗಿರುತ್ತದೆ. ರೆಂಬೆಗಳ ತುದಿಗಳೂ ಇಳಿಬಿದ್ದಿರುತ್ತವೆ. ತೋಟಗಳಲ್ಲಿ ಅಲಂಕಾರಕ್ಕೆ ಜನ ಇದನ್ನು ಇಷ್ಟಪಡುವುದು ಈ ಬಾಗುವಿಕೆಗಾಗಿಯೇ. ಆದರೆ ದೂರದ ರೂಪವನ್ನು ನಂಬಿ ಹೆಸರಿಡಬಾರದು. ನಮ್ಮ ಪ್ರಶಿಕ್ಷಣಾರ್ಥಿ ಎಡವಿದ್ದೇ ಅಲ್ಲಿ. ರೆಂಬೆಯನ್ನು ಕೈಗೆ ತೆಗೆದುಕೊಳ್ಳಬೇಕು.

ಕೈಯಲ್ಲಿರುವ ರೆಂಬೆಯಲ್ಲಿ ಎರಡು ಬಗೆಯ ಕುಡಿಗಳು ಕಾಣುತ್ತವೆ. ಆ ವರ್ಷ ಉದ್ದಕ್ಕೆ ಬೆಳೆದ ಕುಡಿಯ ಮೇಲೆ ಸೂಜಿ ಎಲೆಗಳು ಒಂಟೊಂಟಿಯಾಗಿ ಸುತ್ತಿಕೊಂಡು ಬಂದಿರುತ್ತವೆ. ಅದಕ್ಕಿಂತ ಹಳೆಯ ಭಾಗದಲ್ಲಿ ಬೆರಳ ಗೆಣ್ಣಿನಂಥ ಗಿಡ್ಡ ಗಿಡ್ಡ ಕುಡಿಗಳು. ಪ್ರತಿಯೊಂದರ ತಲೆಯ ಮೇಲೆ ಇಪ್ಪತ್ತು ಮೂವತ್ತು ಸೂಜಿಗಳ ಗೊಂಚಲು, ಪುಟ್ಟ ಕುಂಚ ಅರಳಿದಂತೆ. ಸೂಜಿಗಳ ಉದ್ದ ಎರಡೂವರೆಯಿಂದ ಐದು ಸೆಂಟಿಮೀಟರ್. ಗಿಡ್ಡ ಕುಡಿ ವರ್ಷಕ್ಕೆ ಕೂದಲೆಳೆಯಷ್ಟು ಮಾತ್ರ ಬೆಳೆದು, ಮತ್ತೊಂದು ಗೊಂಚಲು ಎಲೆ ಹೊರಡಿಸುತ್ತದೆ. ಒಂದೇ ರೆಂಬೆಯಲ್ಲಿ ಒಂಟಿ ಎಲೆ ಮತ್ತು ಗೊಂಚಲೆಲೆ ಎರಡೂ ಇದ್ದು, ಮರ ವರ್ಷವಿಡೀ ಹಸಿರಾಗಿದ್ದರೆ ಅದು ಸೀಡ್ರಸ್. ಪೈನ್ ಮರದಲ್ಲೂ ಸೂಜಿಗಳು ಕಟ್ಟುಕಟ್ಟಾಗಿ ಬರುತ್ತವೆ, ಆದರೆ ಒಂದು ಕಟ್ಟಿನಲ್ಲಿ ಎರಡು, ಮೂರು, ಹೆಚ್ಚೆಂದರೆ ಐದು. ಹಿಮಾಲಯದ ಚೀಡ್ ಪೈನ್‌ನಲ್ಲಿ ಮೂರು. ಅವುಗಳ ಉದ್ದವೂ ಬೇರೆ. ಎಣಿಸುವುದು ಮಕ್ಕಳಿಗೆ ಬರುವ ವಿದ್ಯೆ, ಎಣಿಸಲು ಬಿಡಬೇಕು.

ಇಲ್ಲೇ ಒಂದು ಮಾತು. ನಿತ್ಯಹರಿದ್ವರ್ಣ ಎಂದರೆ ಎಲೆ ಉದುರುವುದೇ ಇಲ್ಲ ಎಂದು ಎಷ್ಟೋ ಪಾಠಯೋಜನೆಗಳಲ್ಲಿ ಬರೆದಿರುತ್ತಾರೆ. ಉದುರುತ್ತವೆ. ದೇವದಾರುವಿನ ಒಂದೊಂದು ಸೂಜಿಯೂ ಕೆಲವು ವರ್ಷ ಬಾಳಿ ಬೀಳುತ್ತದೆ. ಎಲ್ಲವೂ ಒಟ್ಟಿಗೆ ಬೀಳುವುದಿಲ್ಲ, ಅಷ್ಟೆ. ದೇವದಾರು ಕಾಡಿನ ನೆಲದ ಮೇಲೆ ಕಾಲಿಟ್ಟವರಿಗೆ ಒಣಸೂಜಿಗಳ ಹಾಸು ಗೊತ್ತಿರುತ್ತದೆ.

ಇನ್ನು ಶಂಕು. ನಾವು ಮಾತಿಗೆ ಕಾಯಿ ಎಂದರೂ ಅದು ಕಾಯಲ್ಲ. ಹೂವಿಲ್ಲದ ಮೇಲೆ ಕಾಯಿ ಎಲ್ಲಿಂದ? ಹೆಣ್ಣು ಶಂಕು ಪೀಪಾಯಿಯ ಆಕಾರದ್ದು, 7 ರಿಂದ 13 ಸೆಂಟಿಮೀಟರ್ ಉದ್ದ, ರೆಂಬೆಯ ಮೇಲೆ ದೀಪದ ಹಾಗೆ ನೆಟ್ಟಗೆ ನಿಂತಿರುತ್ತದೆ. ಗಂಡು ಶಂಕುಗಳು ಬೆರಳಿನಂತೆ ಸಣ್ಣವು, ಶರತ್ಕಾಲದಲ್ಲಿ ಹಳದಿ ಪರಾಗ ಉದುರಿಸುತ್ತವೆ. ಗಾಳಿಯೇ ಪರಾಗದ ವಾಹನ. ಹೆಣ್ಣು ಶಂಕು ಮಾಗಲು ಒಂದು ವರ್ಷಕ್ಕೂ ಮಿಕ್ಕಿ ಬೇಕು. ಶಂಕುವಿನ ಪ್ರತಿ ಹುರುಪೆಯ ಮೇಲ್ಭಾಗದಲ್ಲಿ ಎರಡೆರಡು ರೆಕ್ಕೆಯ ಬೀಜಗಳು ಬರಿದೆ ಕುಳಿತಿರುತ್ತವೆ. ಅನಾವೃತ ಎಂಬ ಪದದ ಅರ್ಥ ಇದೇ: ಸುತ್ತ ಕಾಯಿಗೋಡೆ ಇಲ್ಲ. ಪೈನ್ ಶಂಕು ಮಾಗಿದ ಮೇಲೆ ಹುರುಪೆ ತೆರೆದು, ಬೀಜ ಚೆಲ್ಲಿ, ಇಡಿಯಾಗಿ ಕೆಳಗೆ ಬೀಳುತ್ತದೆ. ದೇವದಾರುವಿನದು ಹಾಗಲ್ಲ. ಮರದ ಮೇಲಿದ್ದಂತೆಯೇ ಹುರುಪೆ ಹುರುಪೆಯಾಗಿ ಕಳಚಿ ಬೀಳುತ್ತದೆ, ಕೊನೆಗೆ ರೆಂಬೆಯ ಮೇಲೆ ನಡುವಿನ ಕಡ್ಡಿ ಮಾತ್ರ ಉಳಿಯುತ್ತದೆ. ಮರದಡಿಯಲ್ಲಿ ಇಡೀ ಶಂಕು ಸಿಗುವುದು ಅಪರೂಪ.

ನಮ್ಮ ಅಂಗಳದ ವೇಷಧಾರಿಗಳು

ನಮ್ಮ ಕಡೆಯ ಶಾಲೆ ಕಾಲೇಜುಗಳಲ್ಲಿ ದೇವದಾರು ಎಂಬ ಫಲಕ ಹೊತ್ತು ನಿಂತಿರುವವು ಹೆಚ್ಚಾಗಿ ಮೂರು. ಸರ್ವೆಯ ವಿಷಯ ಆಗಲೇ ಬಂತು. ಅದರ ಪುಟ್ಟ, ಗಟ್ಟಿ, ಉರುಟಾದ "ಶಂಕು" ನೋಡಿ ಮೋಸ ಹೋಗುವವರಿದ್ದಾರೆ. ಅದು ಹಲವು ಹೂಗಳಿಂದಾದ ಕಾಯಿಗೊಂಚಲು. ಒಣಗಿದಾಗ ಹಕ್ಕಿ ಕೊಕ್ಕು ತೆರೆದಂತೆ ಅಲ್ಲಲ್ಲಿ ಬಿರಿದು, ಒಂದೊಂದರಿಂದ ರೆಕ್ಕೆಯಿರುವ ಒಂದೊಂದು ಫಲ ಹಾರುತ್ತದೆ.

ಎರಡನೆಯದು ಕ್ರಿಸ್‌ಮಸ್ ಮರ ಎಂದು ಕರೆಯುವ ಅರಾಕೇರಿಯ. ಲಾಲ್‌ಬಾಗಿನಲ್ಲಿ ಗೋಪುರದಂತೆ ಎದ್ದು ನಿಂತಿರುವುದು ಇದೇ. ಇದು ನಿಜವಾಗಿಯೂ ಅನಾವೃತ ಬೀಜ ಸಸ್ಯ, ಪಾಠಕ್ಕೆ ಧಾರಾಳವಾಗಿ ಬಳಸಬಹುದು. ದೇವದಾರು ಎನ್ನಬಾರದು, ಅಷ್ಟೆ. ಕೊಂಬೆಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಚಕ್ರದ ಕಡ್ಡಿಗಳಂತೆ ಹೊರಡುತ್ತವೆ. ಎಲೆಗಳು ಗೊಂಚಲಾಗಿರುವುದಿಲ್ಲ, ಕಿರುರೆಂಬೆಯನ್ನು ಪೂರ್ತಿ ಮುಚ್ಚಿ, ಹುರಿದ ಹಗ್ಗದ ಹಾಗೆ ಕಾಣಿಸುತ್ತವೆ. ಇದರಲ್ಲಿ ಕುಕ್ ಪೈನ್ ಎಂಬ ಪ್ರಭೇದಕ್ಕೆ ಒಂದು ವಿಚಿತ್ರ ಗುಣವಿದೆ. ಉತ್ತರ ಗೋಳಾರ್ಧದಲ್ಲಿ ಅದು ದಕ್ಷಿಣಕ್ಕೂ ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೂ ವಾಲುತ್ತದೆ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ವಾಲು ಹೆಚ್ಚು. ಮಕ್ಕಳ ಕೈಗೆ ದಿಕ್ಸೂಚಿ ಕೊಟ್ಟು ಕಳಿಸಿದರೆ ಒಂದು ಅವಧಿ ಹೋದದ್ದೇ ಗೊತ್ತಾಗುವುದಿಲ್ಲ.

ಮೂರನೆಯದು ತೂಜಾ. ಪುಸ್ತಕದ ನಡುವೆ ಇಟ್ಟರೆ ವಿದ್ಯೆ ಹತ್ತುತ್ತದೆ ಎಂದು ನಾವೆಲ್ಲ ಚಿಕ್ಕವರಿದ್ದಾಗ ಕಿತ್ತಿಟ್ಟುಕೊಂಡದ್ದು ಅದರ ಚಪ್ಪಟೆ ಕುಡಿಯನ್ನೇ. ಅದೂ ಅನಾವೃತ ಬೀಜದ್ದೇ. ಸೂಜಿ ಎಲೆ ಇಲ್ಲ, ಮೀನಿನ ಹುರುಪೆಯಂಥ ಎಲೆಗಳು ಒತ್ತಿಕೊಂಡಿರುತ್ತವೆ. ಬೀಸಣಿಗೆಗಳನ್ನು ನೆಟ್ಟಗೆ ಜೋಡಿಸಿಟ್ಟಂತೆ ಕುಡಿಗಳು ನಿಂತಿರುತ್ತವೆ. ಎಳೆಯ ಶಂಕು ನೀಲಿ ಬೂದಿ ಬಣ್ಣದ್ದು, ಮೇಲೆ ಪುಟ್ಟ ಕೊಂಬುಗಳಿರುತ್ತವೆ.

ಸೂಜಿ ಎಲೆ ಇದ್ದರೆ ಶಂಕುಧಾರಿ, ಅಗಲ ಎಲೆ ಇದ್ದರೆ ಅಲ್ಲ ಎಂಬ ಸೂತ್ರವನ್ನೂ ಬಿಟ್ಟುಬಿಡಬೇಕು. ಪಶ್ಚಿಮ ಘಟ್ಟಗಳಿಗೆ ಸಹಜವಾದ ಶಂಕುಧಾರಿ ವರ್ಗದ ಮರ ಒಂದೇ ಒಂದು, ನೇಜಿಯ ವಾಲಿಚಿಯಾನ. ಅದರ ಎಲೆ ಅಗಲವಾಗಿಯೇ ಇದೆ!

ಬೆಳೆಸುವ ಬಗೆ

ಹಿಮಾಲಯದ ಸಸಿಮಡಿಗಳಲ್ಲಿ ಅಕ್ಟೋಬರ್, ನವೆಂಬರ್ ಹೊತ್ತಿಗೆ, ಹುರುಪೆ ಕಳಚುವ ಮುನ್ನ, ಶಂಕುಗಳನ್ನು ಮರ ಹತ್ತಿ ಕೀಳುತ್ತಾರೆ. ಬಿಸಿಲಿಗೆ ಹರಡಿದರೆ ಕೆಲವು ದಿನಗಳಲ್ಲಿ ತಾವೇ ಬಿಚ್ಚಿಕೊಳ್ಳುತ್ತವೆ. ಬೀಜದ ರೆಕ್ಕೆ ಉಜ್ಜಿ ತೆಗೆಯುತ್ತಾರೆ. ಕಿಲೋಗೆ ಸುಮಾರು ಏಳೆಂಟು ಸಾವಿರ ಬೀಜ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಬೀಜ ಬೇಗ ಕೆಡುತ್ತದೆ, ಹಳೆಯ ಬೀಜ ನಂಬಿಕೆಗೆ ತಕ್ಕದ್ದಲ್ಲ. ಅಲ್ಲಿ ಚಳಿಗಾಲದ ಹಿಮವೇ ಬೀಜವನ್ನು ಎಬ್ಬಿಸುವ ಕೆಲಸ ಮಾಡುತ್ತದೆ. ಬೇರೆ ಕಡೆ ಬೆಳೆಸುವವರು ಒದ್ದೆ ಮರಳಿನಲ್ಲಿ ಬೀಜ ಬೆರೆಸಿ, ಎರಡು ಮೂರು ವಾರ ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು, ಆಮೇಲೆ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತುತ್ತಾರೆ.

ಮೊಳಕೆಯ ಹಂತವನ್ನು ನಾನು ಪಾಠದ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಮಕ್ಕಳಿಗೆ ನಾವು ಏಕದಳ, ದ್ವಿದಳ ಎಂದು ಎರಡೇ ಪೆಟ್ಟಿಗೆ ಕೊಟ್ಟಿರುತ್ತೇವೆ. ದೇವದಾರುವಿನ ಮೊಳಕೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಮೇಲೆದ್ದು, ಟೋಪಿ ಬಿದ್ದಾಗ ಕೊಡೆ ಬಿಚ್ಚಿದಂತೆ ಎಂಟು ಹತ್ತು ಬೀಜದಳ ಹರಡುತ್ತದೆ. ಎರಡು ಪೆಟ್ಟಿಗೆಯಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆ ವಿಂಗಡಣೆ ಆವೃತ ಬೀಜ ಸಸ್ಯಗಳಿಗೆ ಮಾತ್ರ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಸಸಿಗಳು ಸಾಯುವುದು ಹೆಚ್ಚಾಗಿ ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಬುಡ ಕೊಳೆತು ಸಾಲು ಸಾಲಾಗಿ ಒರಗಿಬಿಡುತ್ತವೆ. ಮರಳು ಬೆರೆತ, ನೀರು ಬಸಿಯುವ, ಸ್ವಲ್ಪ ಹುಳಿಗುಣದ ಮಣ್ಣು ಬೇಕು. ತಾಯಿಬೇರು ಬೇಗ ಆಳಕ್ಕೆ ಇಳಿಯುವುದರಿಂದ ಚೀಲ ಉದ್ದವಾಗಿರಬೇಕು. ಎಳೆಯದರಲ್ಲಿ ಅರೆನೆರಳು ಸಾಕು. ನೆಟ್ಟ ಮೇಲೆ ತುಂಬು ಬಿಸಿಲು ಬೇಕು. ಅಲಂಕಾರಕ್ಕೆ ನೆಡುವವರು ಮಾಡುವ ದೊಡ್ಡ ತಪ್ಪು ಜಾಗದ್ದು. ಕುಂಡದಲ್ಲಿ ಮುದ್ದಾಗಿ ಕಾಣುವ ಸಸಿಯನ್ನು ಗೋಡೆಯ ಪಕ್ಕ ನೆಟ್ಟು, ಹತ್ತು ಹದಿನೈದು ವರ್ಷದ ಮೇಲೆ ಕೊಂಬೆ ಕಡಿಯುತ್ತಾರೆ. ಕಟ್ಟಡದಿಂದ ಎಂಟು ಹತ್ತು ಮೀಟರ್ ದೂರವಿರಲಿ. ನೆಲ ಮುಟ್ಟುವ ಕೆಳಗೊಂಬೆಗಳೇ ಅದರ ಚೆಲುವು, ಅವನ್ನು ಸವರಬಾರದು. ಬಾಗಿದ ತುದಿಯನ್ನು ಕಂಡು ಗಿಡಕ್ಕೆ ರೋಗವೆಂದು ತಿಳಿದು ಕೋಲು ಕಟ್ಟುವವರಿದ್ದಾರೆ. ಬೆಳೆದಂತೆ ಹಳೆಯ ಭಾಗ ತಾನೇ ನೆಟ್ಟಗಾಗುತ್ತದೆ, ಹೊಸ ತುದಿ ಮತ್ತೆ ಬಾಗುತ್ತದೆ. ತುದಿ ಕತ್ತರಿಸಿದರೆ ಮಾತ್ರ ಆಕಾರ ಕೆಟ್ಟಂತೆಯೇ.

ತೊಗಟೆಯ ಗಾಯದ ಬಗ್ಗೆ ಹೇಳಲು ನನಗೆ ಕಾಳಿದಾಸ ನೆನಪಾಗುತ್ತಾನೆ. ರಘುವಂಶದ ಎರಡನೆಯ ಸರ್ಗದಲ್ಲಿ ಶಿವ ಪಾರ್ವತಿಯರು ಮಗನಂತೆ ಸಾಕಿದ ದೇವದಾರುವೊಂದಿದೆ. ಕಾಡಾನೆ ಮೈ ಉಜ್ಜಿ ಅದರ ತೊಗಟೆ ಸುಲಿದಾಗ ಪಾರ್ವತಿ ದುಃಖಿಸುತ್ತಾಳೆ, ಮರಕ್ಕೆ ಸಿಂಹದ ಕಾವಲು ಬೀಳುತ್ತದೆ. ಸಂಸ್ಕೃತದ ಅಧ್ಯಾಪಕರನ್ನು ಕರೆದು ಹತ್ತು ನಿಮಿಷ ಈ ಕಥೆ ಹೇಳಿಸಿ, ತೊಗಟೆಯ ಒಳಪದರ ಸುಲಿದರೆ ಮರದ ಆಹಾರ ಸಾಗಣೆ ಏನಾಗುತ್ತದೆ ಎಂದು ನಾವು ಮುಂದುವರಿಸಬಹುದು.

ನಮ್ಮಲ್ಲಿ ಬೆಳೆಸಬಹುದೇ? ತಂಪು ಚಳಿಗಾಲ ಸಿಕ್ಕರೆ ದೇವದಾರು ಹಿಮಾಲಯದಾಚೆಗೂ ಹೊಂದಿಕೊಳ್ಳುತ್ತದೆ. ಕ್ಯಾಲಿಫೋರ್ನಿಯದ ಆಲ್ಟಡೀನದಲ್ಲಿ 1885ರಲ್ಲಿ ರಸ್ತೆಯ ಎರಡೂ ಬದಿಗೆ ನೆಟ್ಟ ದೇವದಾರು ಸಾಲಿಗೆ 1920ರಿಂದ ಕ್ರಿಸ್‌ಮಸ್ ಹೊತ್ತಿನಲ್ಲಿ ದೀಪ ಹಾಕುತ್ತ ಬಂದಿದ್ದಾರೆ. ಆದರೆ ಬಯಲುಸೀಮೆಯ ಏಪ್ರಿಲ್ ಬಿಸಿಲು, ಕರಾವಳಿಯ ಮಳೆಗಾಲದ ಜೌಗು ಇವೆರಡೂ ಅದಕ್ಕೆ ಹೇಳಿದ್ದಲ್ಲ. ಶಾಲೆಯ ಅಂಗಳಕ್ಕೆ ದೇವದಾರು ತರಿಸಿ ನೆಡಿ ಎಂದು ನಾನು ಹೇಳುವುದಿಲ್ಲ. ಆ ಹಣದಲ್ಲಿ ಒಂದು ತೂಜಾ, ಒಂದು ಸೈಕಸ್, ಒಂದು ಸರ್ವೆ ನೆಟ್ಟರೆ ಹೋಲಿಕೆಯ ಪಾಠಕ್ಕೆ ಬೇಕಾದದ್ದೆಲ್ಲ ಅಂಗಳದಲ್ಲೇ ಇರುತ್ತದೆ. ನರ್ಸರಿಯವರು ದೇವದಾರು ಎಂದು ಕೊಟ್ಟ ಸಸಿಯಲ್ಲಿ ಗಿಡ್ಡ ಕುಡಿಗಳ ಗೊಂಚಲೆಲೆ ಇದೆಯೇ ಎಂದು ನೋಡದೆ ದುಡ್ಡು ಕೊಡಬೇಡಿ.

ಮರುದಿನದ ತರಗತಿ

ಮರದಡಿಯಿಂದ ಬಂದವನು ಪ್ರಶಿಕ್ಷಣಾರ್ಥಿಯನ್ನು ಸಿಬ್ಬಂದಿ ಕೊಠಡಿಯಲ್ಲಿ ಕೂರಿಸಿಕೊಂಡು ನನ್ನ ಷರಾವನ್ನು ಅವರ ಎದುರೇ ಹೊಡೆದು ಹಾಕಿದೆ. ಅವರ ಮುಖ ಚಿಕ್ಕದಾಯಿತು. "ಸರ್, ಮಕ್ಕಳ ಮುಂದೆ ತಪ್ಪು ಅಂತ ಹೇಳಿದ್ರೆ ಇನ್ನು ಉಳಿದ ಪಾಠಗಳಲ್ಲಿ ಅವರು ನನ್ನ ಮಾತು ಕೇಳ್ತಾರಾ?" ಇನ್ನೂ ಹನ್ನೊಂದು ಪಾಠ ಬಾಕಿಯಿತ್ತು, ಅವರ ಭಯ ಸುಳ್ಳಲ್ಲ. ಹೇಗೆ ಹೇಳಬೇಕೆಂಬುದನ್ನು ನಾನು ಅವರಿಗೇ ಬಿಟ್ಟೆ.

ಮರುದಿನ ಅವರು ಚಾರ್ಟು ತರಲಿಲ್ಲ. ಸರ್ವೆ, ತೂಜಾಗಳ ಒಂದೊಂದು ಹಿಡಿ ಕುಡಿ, ಐದು ಭೂತಗನ್ನಡಿ ತಂದರು. "ನಿನ್ನೆ ನಾನು ಅದು ದೇವದಾರು ಅಂದೆ. ಅಲ್ಲ ಅಂತ ಇವನು ಹೇಳಿದ. ಇವನು ಹೇಳಿದ್ದು ಸರಿ. ಹೇಗೆ ಗೊತ್ತಾಯ್ತು ಅಂತ ಅವನೇ ತೋರಿಸ್ತಾನೆ" ಎಂದು ಹುಡುಗನನ್ನು ಮುಂದೆ ಕರೆದರು. ಗಿಣ್ಣು ಕಳಚಿ ಕೂಡಿಸುವ ಆಟ ಐದು ಗುಂಪಿನಲ್ಲೂ ನಡೆಯಿತು. ಗಲಾಟೆ ಎದ್ದಿತು, ಪಕ್ಕದ ಕೊಠಡಿಯಿಂದ ಒಬ್ಬರು ಇಣುಕಿ ನೋಡಿ ಹೋದರು. ಹಲ್ಲುಗಳನ್ನು ಎಣಿಸಿದ ಒಂದು ಗುಂಪು ಏಳು ಎಂದಿತು, ಇನ್ನೊಂದು ಎಂಟು ಎಂದು ಜಗಳ ತೆಗೆಯಿತು. ಪಾಠಯೋಜನೆಯ ಮೌಲ್ಯಮಾಪನದ ಹಂತಕ್ಕೆ ಸಮಯ ಸಿಗಲಿಲ್ಲ. ನಾನು ಅದಕ್ಕೆ ಅಂಕ ಕಳೆಯಲಿಲ್ಲ. ಕಳೆಯಬೇಕಿತ್ತು ಎನ್ನುವ ಸಹೋದ್ಯೋಗಿಗಳಿದ್ದಾರೆ, ಆ ಚರ್ಚೆಗೆ ನಾನು ಸಿದ್ಧ.

ಈಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಶಿಮ್ಲಾ ಪ್ರವಾಸಕ್ಕೆ ಹೋದ ಸಹೋದ್ಯೋಗಿಯೊಬ್ಬರು ತಂದ ದೇವದಾರು ಶಂಕುವಿನ ತುದಿಭಾಗ ಒಂದಿದೆ. ಶಂಕು ಕಳಚುವಾಗ ತುದಿಯ ಹುರುಪೆಗಳು ಕೆಲವೊಮ್ಮೆ ಒಟ್ಟಿಗೇ ಬೀಳುತ್ತವೆ. ನೋಡಲು ಮರದಲ್ಲಿ ಕೆತ್ತಿದ ಗುಲಾಬಿಯಂತಿರುತ್ತದೆ. ಅದರ ಜೊತೆ ಒಂದು ಕಾಗದದ ಪೊಟ್ಟಣದಲ್ಲಿ ಬಿಡಿ ಹುರುಪೆಗಳಿವೆ, ಬೀಜ ಕೂತಿದ್ದ ಎರಡು ಗುರುತು ಅವುಗಳ ಮೇಲೆ ಸ್ಪಷ್ಟವಾಗಿ ಕಾಣುತ್ತವೆ. ಪಾಠಕ್ಕೆ ಬೇಕಾದವರು ವಹಿಯಲ್ಲಿ ಸಹಿ ಮಾಡಿ ಒಯ್ಯಬಹುದು. ಮಕ್ಕಳ ಕೈಗೆ ಹುರುಪೆಗಳನ್ನು ಕೊಡಿ. ಗುಲಾಬಿಯನ್ನು ಮೇಜಿನ ಮೇಲೆ ಇಟ್ಟೇ ತೋರಿಸಿ, ಮುಟ್ಟಿದರೆ ಉದುರುತ್ತದೆ.